ಅನುಮಾನದ ಅಂಕಲ್ಲೂ ನವೆಂಬರಿನ ಜೇನುಹುಳಗಳೂ

ನಮ್ಮ ಬೀದಿಯಲ್ಲಿ ಕೇಶವಮೂರ್ತಿ ಅಂಕಲ್ ಅನುಮಾನಪಡದ ವಸ್ತು ಯಾವುದಾದರೂ ಇದ್ದರೆ, ಅದಿನ್ನೂ ಅವರ ಕಣ್ಣಿಗೆ ಬಿದ್ದಿಲ್ಲ ಎಂದಷ್ಟೇ ಅರ್ಥ. ಹಾಲಿನ ಕ್ಯಾನಿನ ಮೇಲೆ ಅಚ್ಚು ಹಾಕಿದ ತಾರೀಕನ್ನು ಅವರು ನಂಬುವುದಿಲ್ಲ, ಮುಚ್ಚಳ ತೆಗೆದು ಮೂಸುತ್ತಾರೆ. ಹವಾಮಾನದವರು ಮಳೆ ಇಲ್ಲ ಎಂದರೆ ಛತ್ರಿ ಹಿಡಿದು ಹೊರಡುತ್ತಾರೆ. ಫೋನಿನಲ್ಲಿ ಯಾರಾದರೂ "ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ" ಎಂದರೆ ಮುಗಿಯಿತು, ಆ ನಂಬರನ್ನು ಅಲ್ಲಿಗೇ ಬ್ಲಾಕ್ ಮಾಡುತ್ತಾರೆ. ಹಾಗೆ ಬ್ಲಾಕ್ ಆದವರಲ್ಲಿ ಅವರ ಸ್ವಂತ ತಂಗಿಯ ಗಂಡನೂ ಇದ್ದಾರೆ.

ನಾವು ಲಾಸ್ ಏಂಜಲೀಸ್‌ಗೆ ದಕ್ಷಿಣದಲ್ಲಿರುವ ಈ ಕಾರ್ಲ್ಸ್‌ಬಾಡಿಗೆ ಬಂದದ್ದು 2019ರಲ್ಲಿ. ಎದುರು ಮನೆಯವರು ಮೈಸೂರಿನವರು ಎಂದು ಗೊತ್ತಾದ ದಿನವೇ ಒಂದು ಡಬ್ಬಿ ಕೋಡುಬಳೆ ಹಿಡಿದು ಹೋದೆ. ಅಂಕಲ್ ಬಾಗಿಲನ್ನು ಅರ್ಧ ತೆಗೆದರು.

"ಯಾವ ಎಣ್ಣೆ?"

"ಕಡ್ಲೆಕಾಯಿ ಎಣ್ಣೆ ಅಂಕಲ್."

"ಅಂಗಡೀದಾ, ಮನೇಲಿ ಮಾಡಿದ್ದಾ?"

"ಮನೇಲೇ ಮಾಡಿದ್ದು."

"ಯಾಕೆ ತಂದ್ರಿ?"

ನನಗೆ ಸಿಟ್ಟು ಬೇಗ ಬರುತ್ತದೆ. ಡಬ್ಬಿಯನ್ನು ಅಲ್ಲೇ ಮೆಟ್ಟಿಲ ಮೇಲಿಟ್ಟು ತಿರುಗಿ ಬಂದುಬಿಡೋಣ ಎನ್ನಿಸಿತು. ಅಷ್ಟರಲ್ಲಿ ಅವರ ಹೆಂಡತಿ ಕಲಾವತಿ ಆಂಟಿ ಒಳಗಿಂದ ಓಡಿಬಂದು ನನ್ನ ಕೈಯಿಂದ ಡಬ್ಬಿ ಇಸಿದುಕೊಂಡರು. "ಕೋಡುಬಳೆ ಕೊಡೋಕೆ ಬಂದವಳಿಗೂ ಇಂಟರ್‌ವ್ಯೂ ಮಾಡ್ತೀರೇನ್ರೀ? ಬಾಮ್ಮ ಒಳಗೆ" ಎಂದರು. ಅಂಕಲ್ ಮಾತ್ರ ನಾನು ಹೋಗುವವರೆಗೂ ಒಂದು ಕೋಡುಬಳೆಯನ್ನೂ ಮುಟ್ಟಲಿಲ್ಲ. ಆಂಟಿ ಎರಡು ತಿಂದೂ ಅವರಿಗೆ ಏನೂ ಆಗದ್ದನ್ನು ನೋಡಿದ ಮೇಲೆ ಉಳಿದದ್ದನ್ನೆಲ್ಲ ಅಂಕಲ್ಲೇ ಮುಗಿಸಿದರಂತೆ.

ಈ ಸ್ವಭಾವ ಕೆಲಸದಿಂದ ಬಂತೋ, ಸ್ವಭಾವಕ್ಕೆ ತಕ್ಕ ಕೆಲಸ ಸಿಕ್ಕಿತೋ, ಹೇಳುವುದು ಕಷ್ಟ. ಅಂಕಲ್ ಇಲ್ಲಿನ ಒಂದು ಟೆಲಿಕಾಂ ಕಂಪನಿಯ ಟೆಸ್ಟಿಂಗ್ ಲ್ಯಾಬಿನಲ್ಲಿ ಇಪ್ಪತ್ತನಾಲ್ಕು ವರ್ಷ ಇದ್ದವರು. ಬೇರೆಯವರು ಸರಿಯಾಗಿದೆ ಎಂದು ಕಳಿಸಿದ ಫೋನುಗಳಲ್ಲಿ ಏನು ಸರಿಯಿಲ್ಲ ಎಂದು ಹುಡುಕುವುದೇ ಅವರ ಕೆಲಸ. ರಿಟೈರ್ ಆದ ಮೇಲೆ ಫೋನುಗಳು ಹೋದವು, ಹುಡುಕುವ ಚಾಳಿ ಉಳಿಯಿತು.

ಅವರು ಹುಳ ಎಣಿಸಲು ಶುರು ಮಾಡಿದ್ದೂ ಅನುಮಾನದಿಂದಲೇ. 2020ರ ನವೆಂಬರ್. ಎಲ್ಲರೂ ಮನೆಯೊಳಗೆ ಬಾಗಿಲು ಹಾಕಿಕೊಂಡಿದ್ದ ಕಾಲ. ಒಂದು ಬೆಳಿಗ್ಗೆ ಅವರ ಹಿತ್ತಲಿನ ರೋಸ್‌ಮರಿ ಪೊದೆಯ ಮೇಲೆ ಒಂದೇ ಒಂದು ಜೇನೂ ಇರಲಿಲ್ಲ. ಹಿಂದಿನ ಸಂಜೆ ಪಕ್ಕದ ಮನೆಯ ಡೆನ್ನಿಸ್ ಕೈಯಲ್ಲಿ ಯಾವುದೋ ಸ್ಪ್ರೇ ಡಬ್ಬಿ ಹಿಡಿದು ಬೇಲಿಯ ಹತ್ತಿರ ಓಡಾಡಿದ್ದನ್ನು ಅಂಕಲ್ ನೋಡಿದ್ದರು. ಸರಿ, ಡೆನ್ನಿಸ್ ವಿಷ ಹೊಡೆದಿದ್ದಾನೆ ಎಂದು ತೀರ್ಮಾನವಾಯಿತು. ಸಾಕ್ಷಿ ಬೇಕಲ್ಲ? ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಗೆರೆ ಎಳೆದ ನೋಟ್‌ಬುಕ್ ತೆಗೆದುಕೊಂಡು, ದಿನಾ ಹತ್ತೂವರೆಯಿಂದ ಹನ್ನೊಂದರವರೆಗೆ ಕೂತರು. ನಾಲ್ಕು ದಿನ ನೊಣವೂ ಇಲ್ಲ. ಐದನೆಯ ದಿನ ಜೇನುಗಳೆಲ್ಲ ಏನೂ ಆಗಿಲ್ಲವೆಂಬಂತೆ ವಾಪಸ್ಸು ಬಂದವು. ಆ ನಾಲ್ಕು ದಿನವೂ ಮರುಭೂಮಿಯ ಕಡೆಯಿಂದ ಒಣಗಾಳಿ ಬೀಸಿತ್ತು, ಅಷ್ಟೇ. ಡೆನ್ನಿಸ್ ಹೊಡೆದದ್ದು ಕಿರುಗುಟ್ಟುವ ಗೇಟಿನ ಕೀಲಿಗೆ ಎಣ್ಣೆ.

ಡೆನ್ನಿಸ್ ಮೇಲಿನ ಕೇಸು ಬಿದ್ದುಹೋಯಿತು, ಕುರ್ಚಿ ಮಾತ್ರ ಅಲ್ಲೇ ಉಳಿಯಿತು. ಮುಂದಿನ ವರ್ಷಗಳಲ್ಲಿ ನಾನು ನೋಡಿದ ಹಾಗೆ, ಅಂಕಲ್ ಮುಖದಲ್ಲಿ ಅನುಮಾನ ಇಲ್ಲದ ಅರ್ಧ ಗಂಟೆ ಅದೊಂದೇ. ಶಿಶಿರಕ್ಕೆ ಮುಂಚಿನ ಆ ದಿನಗಳಲ್ಲಿ, ಎಲ್ಲ ಹೂವೂ ಮುಗಿಯುತ್ತ ಬಂದಾಗ, ಯಾವ ಹುಳ ಇನ್ನೂ ಓಡಾಡುತ್ತಿದೆ ಎಂದು ನೋಡುವುದು ಅವರಿಗೆ ಬಹಳ ಇಷ್ಟ. ಕಿತ್ತಳೆ ಬಣ್ಣದ ಚಿಟ್ಟೆ ಬಂದರೆ ಉಸಿರು ಹಿಡಿದು ಕೂರುತ್ತಾರೆ. ನನ್ನ ಮಗಳು ನಿಹಾರಿಕಾಳಿಗೆ ಸೂರ್ಯನ ಕುದುರೆ, ಏರೋಪ್ಲೇನ್ ಚಿಟ್ಟೆ, ಗುಲಗಂಜಿ ಹುಳ ಎಂಬ ಹೆಸರುಗಳನ್ನೆಲ್ಲ ಹೇಳಿಕೊಟ್ಟವರು ಅವರೇ. ಅವಳು "ದಟ್ಸ್ ಎ ಮ್ಯಾಂಟಿಸ್, ತಾತಾ" ಎಂದರೆ, "ಯಾರು ಹೇಳಿದ್ದು ನಿಂಗೆ? ಅವರು ಸರಿಯಾಗಿ ನೋಡಿದಾರಾ?" ಎಂದು ಕೇಳುತ್ತಿದ್ದರು.

ಅವರ ಹಿತ್ತಲಿನಾಚೆ ಒಂದು ದಿಬ್ಬವಿದೆ. ಅದು ಬಡಾವಣೆಯ ಎಚ್‌ಒಎಗೆ, ಅಂದರೆ ಮನೆ ಮಾಲೀಕರ ಸಂಘಕ್ಕೆ, ಸೇರಿದ್ದು. ಅದರ ತುಂಬ ಕಾಯೋಟಿ ಬ್ರಷ್ ಎನ್ನುವ ಕುರುಚಲು ಗಿಡ. ನೋಡಲು ಏನೂ ಚೆಂದವಿಲ್ಲ, ಪೊರಕೆ ಕಟ್ಟಲು ಒಣಗಿಸಿಟ್ಟ ಕಡ್ಡಿಗಳ ಹಾಗಿರುತ್ತದೆ. ಆದರೆ ಬೇರೆಲ್ಲ ಗಿಡ ಕೈಚೆಲ್ಲಿದ ಮೇಲೆ ನವೆಂಬರಿನಲ್ಲಿ ಅದು ಬಿಳಿಯ ಸಣ್ಣ ಹೂ ಬಿಡುತ್ತದೆ. ಸುತ್ತಮುತ್ತಲಿನ ಜೇನೆಲ್ಲ ಆಗ ಅಲ್ಲೇ. ಪ್ರತಿವರ್ಷ ನವೆಂಬರಿನ ಕೊನೆಯ ಭಾನುವಾರ ನಮ್ಮ ಕಡೆಯ ಒಂದು ಸ್ವಯಂಸೇವಕರ ಗುಂಪು ಹುಳಗಳ ಗಣತಿ ಮಾಡುತ್ತದೆ. ಎಲ್ಲರೂ ಅವರವರ ಜಾಗದಲ್ಲಿ ಅರ್ಧ ಗಂಟೆ ಕೂತು, ಕಂಡ ಜೇನುಗಳನ್ನು ಎಣಿಸಿ, ಆ ಸಂಖ್ಯೆಯನ್ನು ವೆಬ್‌ಸೈಟಿಗೆ ಹಾಕಬೇಕು. ಅಂಕಲ್ ಆ ದಿಬ್ಬಕ್ಕೆ ಎದುರಾಗಿ ಕೂತು ಎಣಿಸುತ್ತಿದ್ದರು.

ಎಣಿಸುವುದು ಅವರು, ವೆಬ್‌ಸೈಟಿಗೆ ಹಾಕುವುದು ನಾನು. ಆ ವೆಬ್‌ಸೈಟ್ ತೆರೆದ ಕೂಡಲೇ ಕುಕೀಸ್ ಒಪ್ಪಿಕೋ ಎನ್ನುತ್ತದೆ. "ಹುಳ ಎಣಿಸೋಕೆ ನನ್ನಿಂದ ಯಾವ ಒಪ್ಪಿಗೆ ಬೇಕು ಇವರಿಗೆ?" ಎಂದು ಅಂಕಲ್ ಒಮ್ಮೆ ಮುಚ್ಚಿದವರು ಮತ್ತೆ ಅದರ ಕಡೆ ತಲೆ ಹಾಕಲಿಲ್ಲ. ನೋಟ್‌ಬುಕ್ಕಿನ ಹಾಳೆಯನ್ನು ನಾಲ್ಕು ಮಡಿಕೆ ಮಡಿಚಿ ನನ್ನ ಕೈಗೆ ಕೊಡುತ್ತಿದ್ದರು. ನನ್ನನ್ನು ಅವರು ನಂಬಲು ಕಾರಣವಿತ್ತು. ಒಮ್ಮೆ ಅವರ ಪಾರ್ಸೆಲ್ ತಪ್ಪಿ ನಮ್ಮ ಮನೆಗೆ ಬಂದಿತ್ತು. ನಾನು ತೆರೆಯದೆ ತಂದುಕೊಟ್ಟೆ. ಅವರು ಟೇಪಿನ ಮೇಲೆ ಹೆಬ್ಬೆರಳು ಆಡಿಸಿ, ನಾಲ್ಕೂ ಮೂಲೆ ಪರೀಕ್ಷಿಸಿ, "ಸರಿ" ಎಂದರು. ಅಂದಿನಿಂದ ನಾನು "ರೀ" ಹೋಗಿ "ಮಂಜುಶ್ರೀ, ಬಾಮ್ಮ" ಆದೆ.

ಆ ಹಾಳೆಯಲ್ಲಿ ಅಂಕಿಗಳೆಲ್ಲ ಕನ್ನಡದವು. ಡೆನ್ನಿಸ್ ಬೇಲಿಯ ಮೇಲಿಂದ ಇಣುಕಿದರೂ ಏನೂ ತಿಳಿಯಬಾರದೆಂದು ಹಾಗೆ ಶುರು ಮಾಡಿದ್ದರಂತೆ. ಮೊದಲ ಸಲ ಕೊಡುವಾಗ, "ಕನ್ನಡ ಅಂಕಿ ಬರುತ್ತೇನಮ್ಮ ನಿಂಗೆ? ನಿಮ್ಮ ಕಾಲದೋರು ಇಂಗ್ಲಿಷ್ ಮೀಡಿಯಮ್ಮು" ಎಂದರು.

"ಏನ್ ಅಂಕಲ್ ಹೀಗಂತೀರ, ಬಸ್ ನಂಬರ್ ಓದ್ಕೊಂಡು ಬೆಳೆದೋಳು ನಾನು" ಎಂದೆ.

ಪ್ರತಿ ವರ್ಷ ಒಂದೇ ಪ್ರಶ್ನೆ, "ಹಾಕಿದ್ಯಾ?" ಒಂದೇ ಉತ್ತರ, "ಹಾಕಿದೆ ಅಂಕಲ್." ಅವರು ಮತ್ತೆ ಪರೀಕ್ಷೆ ಮಾಡದೆ ಒಪ್ಪಿಕೊಂಡ ಮಾತು ಬಹುಶಃ ಜಗತ್ತಿನಲ್ಲಿ ಇದೊಂದೇ. ನನಗೆ ಅದರ ಬಗ್ಗೆ ಹೆಮ್ಮೆಯೂ ಇತ್ತು.

2024ರ ಡಿಸೆಂಬರ್ ಮೊದಲ ವಾರ ಎಚ್‌ಒಎ ಸಭೆ. ದಿಬ್ಬದ ಗಿಡಗಳನ್ನೆಲ್ಲ ಕಿತ್ತು ಜಲ್ಲಿ ಸುರಿಯುವ ಪ್ಲಾನು ಅಲ್ಲಿ ಬಂತು. ಒಣ ಗಿಡಗಳಿಂದ ಮನೆಗಳಿಗೆ ಬೆಂಕಿ ಹಬ್ಬುವ ಭಯ, ಅದು ಸುಳ್ಳಲ್ಲ. ಆದರೆ ಅಂಕಲ್ ಸುಮ್ಮನಿರುವವರೇ? ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು, ಐದು ವರ್ಷದ ಎಣಿಕೆಯನ್ನು ದೊಡ್ಡ ಹಾಳೆಯ ಮೇಲೆ ಇಂಗ್ಲಿಷಿನಲ್ಲಿ ಬರೆದುಕೊಂಡು ಬಂದಿದ್ದರು. 2020ರಲ್ಲಿ ತೊಂಬತ್ತಾರು ಜೇನು, ಆಮೇಲೆ ಎಂಬತ್ತೆಂಟು, ಎಂಬತ್ತೊಂದು, ಎಪ್ಪತ್ತೈದು, ಈ ವರ್ಷ ಅರವತ್ತೊಂಬತ್ತು. "ವರ್ಷ ವರ್ಷ ಕಮ್ಮಿ ಆಗ್ತಿದೆ. ಇರೋ ಒಂದು ದಿಬ್ಬನೂ ಕಿತ್ತುಹಾಕಿದ್ರೆ ನವೆಂಬರ್‌ನಲ್ಲಿ ಇವು ಎಲ್ಲಿಗೆ ಹೋಗಬೇಕು?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಜನ ತಲೆದೂಗಿದರು. ಡೆನ್ನಿಸ್ ಕೂಡ ತಲೆದೂಗಿದ.

ಅಧ್ಯಕ್ಷೆ ಪ್ಯಾಟ್ರಿಷಿಯಾ ಮರ್ಯಾದಸ್ಥ ಹೆಂಗಸು. ತಮ್ಮ ಲ್ಯಾಪ್‌ಟಾಪನ್ನು ಸಭೆಯ ಕಡೆ ತಿರುಗಿಸಿ ಮೆಲ್ಲಗೆ ಹೇಳಿದರು, "ಮಿಸ್ಟರ್ ಮೂರ್ತಿ, ಗಣತಿಯ ವೆಬ್‌ಸೈಟಿನಲ್ಲಿ ನಿಮ್ಮ ಹೆಸರಿನಲ್ಲೇ ಬೇರೆ ಸಂಖ್ಯೆ ಇದೆಯಲ್ಲ? 2020ರಲ್ಲಿ ಅರವತ್ತೊಂಬತ್ತು. ಈ ವರ್ಷ ತೊಂಬತ್ತಾರು. ಈ ಲೆಕ್ಕದಲ್ಲಿ ಜೇನು ಜಾಸ್ತಿಯಾಗಿದೆ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅಂಕಲ್ ತಮ್ಮ ಹಾಳೆ ನೋಡಿದರು, ಪರದೆ ನೋಡಿದರು. "ಯಾರೋ ಬದಲಾಯಿಸಿದ್ದಾರೆ" ಎಂದರು. ಯಾರು ಎಂದು ಪ್ಯಾಟ್ರಿಷಿಯಾ ಕೇಳಿದರು. "ಅದನ್ನ ನಾನು ಕಂಡುಹಿಡೀತೀನಿ" ಎಂದು ಹೊರಟೇಬಿಟ್ಟರು. ಹದಿನೆಂಟನೇ ತಾರೀಕಿನ ಸಭೆಯಲ್ಲಿ ಮತ ಹಾಕುವುದು, ಅಷ್ಟರಲ್ಲಿ ಅವರು ವಿವರಣೆ ಕೊಡಬೇಕು ಎಂದು ನಿರ್ಧಾರವಾಯಿತು.

ಈಗ ನನ್ನ ಬಗ್ಗೆ ಹೇಳಬೇಕು, ಹೇಳಲು ನಾಚಿಕೆಯಾಗುತ್ತದೆ. ನನಗೆ ಅಂಕಲ್ ಮೇಲೆಯೇ ಅನುಮಾನ ಬಂತು. ವೆಬ್‌ಸೈಟಿಗೆ ಹಾಕಿದ್ದು ನಾನು, ಅವರ ಹಾಳೆಯಲ್ಲಿ ಇದ್ದದ್ದನ್ನೇ ಹಾಕಿದ್ದೇನೆ. ಹಾಗಾದರೆ ಸಭೆಯಲ್ಲಿ ತೋರಿಸಲು ಇವರೇ ಹಿಂದುಮುಂದು ಮಾಡಿದ್ದಾರೆ. ದಿಬ್ಬ ಉಳಿಸುವ ಆಸೆಗೆ ಬಿದ್ದು ಇಷ್ಟು ವಯಸ್ಸಾದವರು ಸುಳ್ಳು ಹೇಳಿದರಲ್ಲ ಎಂದು ಮೈಯೆಲ್ಲ ಉರಿಯಿತು. ಇಲ್ಲವೇ ಮರೆವು ಶುರುವಾಗಿರಬಹುದು. ಎರಡರಲ್ಲಿ ಯಾವುದೇ ಆಗಿದ್ದರೂ ನನಗೆ ಅವರ ಮುಖ ನೋಡುವ ಮನಸ್ಸಿರಲಿಲ್ಲ. ಒಂದು ವಾರ ಕಾರನ್ನು ನೇರ ಗ್ಯಾರೇಜಿಗೆ ಹಾಕಿ, ಕಣ್ಣು ತಪ್ಪಿಸಿ ಒಳಗೆ ಹೋಗುತ್ತಿದ್ದೆ.

ಶನಿವಾರ ಬೆಳಿಗ್ಗೆ ಆಂಟಿ ಫೋನ್ ಮಾಡಿದರು. "ಮಂಜು, ಒಂದು ನಿಮಿಷ ಬಂದು ಹೋಗ್ತೀಯಾ? ಇವ್ರು ಹಿತ್ತಲಿಗೆ ಹೋಗೋದೇ ಬಿಟ್ಟಿದಾರೆ. ಸರಿಯಾಗಿ ಊಟಾನೂ ಇಲ್ಲ. ಮಾತಾಡ್ಸಿದ್ರೆ ಸುಮ್ನೆ ನನ್ನ ಮುಖ ನೋಡ್ತಾರೆ ಕಣೆ. ಭಯ ಆಗುತ್ತೆ."

ಹೋದೆ. ಅಂಕಲ್ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದರು. ಗಡ್ಡ ಬೋಳಿಸಿರಲಿಲ್ಲ. ಮೇಜಿನ ಮೇಲೆ ಫೋನ್ ಸ್ಪೀಕರಿನಲ್ಲಿತ್ತು. ಲಾಸ್ ಏಂಜಲೀಸ್ ಕಡೆ ವಾಲ್‌ನಟ್‌ನಲ್ಲಿರುವ ಮಗಳು ಸಂಹಿತಾ ಮಾತಾಡುತ್ತಿದ್ದಳು. "ಡ್ಯಾಡ್, ಜಸ್ಟ್ ಡೂ ದ ಮೆಮೊರಿ ಟೆಸ್ಟ್, ಓಕೆ? ಆಮೇಲೆ ಇಲ್ಲಿಗೇ ಬಂದ್ಬಿಡಿ, ರೂಮ್ ಈಸ್ ರೆಡಿ." ಅಂಕಲ್ "ಸರಿಮ್ಮ" ಎಂದರು. ವಾಲ್‌ನಟ್ ಎಂಬ ಹೆಸರೆತ್ತಿದರೆ ಸಂಚು ಎಂದು ಹಾರಾಡುತ್ತಿದ್ದವರು ಸರಿಮ್ಮ ಎಂದದ್ದು ಕೇಳಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು.

"ಬುಧವಾರ ಟೆಸ್ಟು" ಎಂದರು ನನಗೆ. "ನಮ್ಮಣ್ಣಂಗೂ ಹೀಗೇ ಶುರುವಾಗಿದ್ದು. ಮೊದಲು ಅಂಕಿ ತಪ್ಪಿದ. ಮನೆ ನಂಬರು, ಫೋನ್ ನಂಬರು. ಆಮೇಲೆ ನಮ್ಮ ಹೆಸರು."

"ಅಂಕಲ್, ಒಂದು ಸಲ ತಪ್ಪಾದ್ರೆ ಅದಕ್ಕೆ..."

"ಒಂದು ಸಲ ಅಲ್ಲಮ್ಮ, ಎರಡು ಸಲ. ಎಲ್ಲಾ ನೋಡಿದೀನಿ. ಬೇರೆ ಯಾರೂ ಅಲ್ಲ." ಒಂದು ಹಾಳೆಯನ್ನು ನನ್ನ ಕಡೆ ತಳ್ಳಿದರು. "ನೀನೇ ನೋಡು."

ಅದು ಅನುಮಾನದ ಪಟ್ಟಿ. ಲ್ಯಾಬಿನಲ್ಲಿ ಮಾಡುತ್ತಿದ್ದ ಹಾಗೆ ಒಂದೊಂದು ಹೆಸರಿಗೂ ಒಂದು ಕನ್ನಡ ಅಂಕಿ, ಮುಂದೆ ಕಾರಣ. ಮೊದಲು ಡೆನ್ನಿಸ್: ಗೇಟಿನ ವಿಷಯದಲ್ಲಿ ಹಳೇ ಸೇಡು. ಪ್ಯಾಟ್ರಿಷಿಯಾ: ಜಲ್ಲಿ ಹಾಕಿಸುವ ಹಟ. ಮೂರನೆಯವರು ವೆಬ್‌ಸೈಟಿನವರು: ಯಾರನ್ನೂ ನಂಬುವ ಹಾಗಿಲ್ಲ. ಸಂಹಿತಾ: ವಾಲ್‌ನಟ್‌ಗೆ ಕರೆಸಿಕೊಳ್ಳಲು. ಐದನೆಯದು ಕಲಾವತಿ: ಸಾಧ್ಯವಿಲ್ಲ, ಆದರೂ. ಎಲ್ಲದರ ಪಕ್ಕದಲ್ಲೂ ಪ್ರಶ್ನೆಯ ಗುರುತು. ಕೊನೆಯ ಹೆಸರಿನ ಸುತ್ತ ಮಾತ್ರ ದಪ್ಪಗೆ ವೃತ್ತ ಎಳೆದಿದ್ದರು. ಕೇಶವಮೂರ್ತಿ. ಕಾರಣ ಬರೆದಿರಲಿಲ್ಲ.

ನನ್ನ ಹೆಸರು ಎಲ್ಲೂ ಇರಲಿಲ್ಲ. ವೆಬ್‌ಸೈಟಿಗೆ ಹಾಕಿದವಳು ನಾನು, ಯಾವ ದಡ್ಡನಾದರೂ ನನ್ನನ್ನೇ ಮೊದಲು ಬರೆಯುತ್ತಿದ್ದ. ಹೆಂಡತಿಯನ್ನೂ ಮಗಳನ್ನೂ ಬರೆದ ಮನುಷ್ಯನಿಗೆ ನಾನು ನೆನಪಾಗಿರಲಿಲ್ಲ. ಅವರ ಮುಖ ನೋಡಲಾಗದೆ ಮತ್ತೆ ಆ ಪಟ್ಟಿಯನ್ನೇ ನೋಡಿದೆ. ಆಗ ಒಂದು ವಿಷಯ ಕಣ್ಣಿಗೆ ಬಿತ್ತು. ಪಾಪ, ಮರೆವು ನಿಜವೇ ಇರಬೇಕು ಎಂದುಕೊಂಡೆ. ಹೇಳದೆ ಬಿಡುವುದು ಸರಿಯಲ್ಲವೆಂದು ಆದಷ್ಟು ಮೆತ್ತಗೆ ಹೇಳಿದೆ.

"ಅಂಕಲ್, ಐದಾದ್ಮೇಲೆ ಒಂಬತ್ತು ಬರೆದಿದೀರಿ."

ಅಂಕಲ್ ಮುಖ ಬಿಳಿಚಿಕೊಂಡಿತು. "ಎಲ್ಲಿ?"

"ಇಲ್ಲಿ ನೋಡಿ. ನಿಮ್ಮ ಹೆಸರಿನ ಹಿಂದೆ."

ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದರು. ಆಮೇಲೆ ಹಾಳೆ ಬಿಟ್ಟು ನನ್ನನ್ನು ನೋಡಿದರು. ಆ ನೋಟ ನನಗೆ ಗೊತ್ತು. ಕೋಡುಬಳೆ ಡಬ್ಬಿಯನ್ನು ನೋಡಿದ್ದು ಅದೇ ಕಣ್ಣಿನಿಂದ.

"ಮಂಜುಶ್ರೀ, ಒಂದರಿಂದ ಹತ್ತು ಬರಿ. ಕನ್ನಡದಲ್ಲಿ."

"ಯಾಕಂಕಲ್?"

"ಬರಿಯಮ್ಮ."

ಬರೆದೆ. ಮಗ್ಗಿ ಒಪ್ಪಿಸುವ ಹುಡುಗಿಯ ಹಾಗೆ, ಸ್ವಲ್ಪ ಸಿಟ್ಟಿನಿಂದಲೇ ಬರೆದೆ. ೧, ೨, ೩, ೪, ೫, ೯, ೭, ೮, ೬, ೧೦. ಅಂಕಲ್ ಪೆನ್ನಿನ ತುದಿಯನ್ನು ನನ್ನ ಆರರ ಮೇಲೆ ಇಟ್ಟರು. "ಇದೇನು?"

"ಆರು."

"ಕಲಾ," ಎಂದು ಕೂಗಿದರು, "ಬಾ ಇಲ್ಲಿ. ಇದನ್ನ ಓದು."

ಆಂಟಿ ಒಗ್ಗರಣೆ ಸೌಟು ಹಿಡಿದೇ ಬಂದು ಬಗ್ಗಿ ನೋಡಿದರು. "ಒಂಬತ್ತು" ಎಂದರು. "ಅದೇನು, ಐದಾದ ಮೇಲೆ ಒಂಬತ್ತು ಬರೆದಿದಾಳೆ ಇವಳು?"

ನಾನು ಆರೆಂದು ಬರೆದದ್ದು ಒಂಬತ್ತಾಗಿತ್ತು. ಅವು ಎರಡೂ ಒಂದೇ ತಾಯಿಯ ಮಕ್ಕಳ ಹಾಗಿವೆ, ಬಾಲ ಯಾವ ಕಡೆ ಎಂಬುದಷ್ಟೇ ವ್ಯತ್ಯಾಸ. ಮೂವತ್ತು ವರ್ಷದ ಹಿಂದೆ ಸ್ಕೂಲಿನಲ್ಲಿ ಅದಲುಬದಲು ಕಲಿತದ್ದನ್ನು ಯಾರೂ ತಿದ್ದಿರಲಿಲ್ಲ, ಯಾಕೆಂದರೆ ಬಸ್ಸಿನ ಬೋರ್ಡಿನಲ್ಲಿ ಪಕ್ಕದಲ್ಲೇ ಇಂಗ್ಲಿಷ್ ಅಂಕಿಯೂ ಇರುತ್ತಿತ್ತು. ಅವರು ಬರೆದ ೯೬ ನನಗೆ ಅರವತ್ತೊಂಬತ್ತಾಗಿತ್ತು. ಈ ವರ್ಷದ ೬೯ ತೊಂಬತ್ತಾರಾಗಿತ್ತು. ನಡುವಿನ ಮೂರು ವರ್ಷದ ಸಂಖ್ಯೆಗಳಲ್ಲಿ ಆರೂ ಇರಲಿಲ್ಲ, ಒಂಬತ್ತೂ ಇರಲಿಲ್ಲ.

"ನಾನೇ ಅಂಕಲ್," ಎಂದೆ. "ನಾನೇ ತಪ್ಪು ಹಾಕಿದ್ದು. ಅದೂ ಅಲ್ದೆ ನೀವು ಸುಳ್ಳು ಹೇಳ್ತಿದೀರಿ ಅಂತ ಅಂದ್ಕೊಂಡೆ. ಅದಕ್ಕೇ ಒಂದು ವಾರದಿಂದ ಬರ್ಲಿಲ್ಲ."

ಅವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಹೆಗಲು ಅಲುಗಾಡತೊಡಗಿತು. ಬೈಯಲಿ, ಕೂಗಾಡಲಿ, ಏನಾದರೂ ಮಾಡಲಿ ಎಂದು ನಾನು ಕಾಯುತ್ತಿದ್ದೆ. ಕೈ ತೆಗೆದಾಗ ಕಣ್ಣಿನ ತುಂಬ ನೀರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಆಂಟಿಯ ಸೌಟು ಹಿಡಿದ ಕೈಯನ್ನೇ ಹಿಡಿದುಕೊಂಡು, "ಕಲಾ, ನನ್ನ ತಲೆ ಸರಿಯಾಗಿದೆ ಕಣೆ" ಎಂದರು. "ನನ್ನ ತಲೆ ಸರಿಯಾಗೇ ಇದೆ."

ಹದಿನೆಂಟನೇ ತಾರೀಕು ಬುಧವಾರ ಸಂಜೆ ಸಭೆಯ ಬಿಳಿ ಬೋರ್ಡಿನ ಮೇಲೆ ೬ ಮತ್ತು ೯ ಬರೆದು, ನಲವತ್ತು ಜನರ ಮುಂದೆ ನನ್ನ ದಡ್ಡತನವನ್ನು ವಿವರಿಸಿದೆ. ವೆಬ್‌ಸೈಟಿನವರು ಎರಡೂ ಸಂಖ್ಯೆಗಳನ್ನು ತಿದ್ದಿದ ಪತ್ರವನ್ನೂ ಕೊಟ್ಟೆ. ಪ್ಯಾಟ್ರಿಷಿಯಾ ಬೋರ್ಡನ್ನು ಬಹಳ ಹೊತ್ತು ನೋಡಿ, ತಮಗೂ ಎರಡೂ ಒಂದೇ ಥರ ಕಾಣುತ್ತವೆ ಎಂದರು. ಮನೆಗಳಿಗೆ ಹತ್ತಿರವಿರುವ ಕೆಳಗಿನ ಭಾಗ ಕಿತ್ತು ಜಲ್ಲಿ ಹಾಕುವುದು, ಮೇಲಿನ ಭಾಗ ಮುಟ್ಟದೆ ಬಿಡುವುದು ಎಂದು ಮತವಾಯಿತು. ಅಂಕಲ್‌ಗೆ ಪೂರ್ತಿ ಸಮಾಧಾನವಾಗಲಿಲ್ಲ. ಮೇಲಿನ ಭಾಗ ಎಂದರೆ ಎಲ್ಲಿಂದ ಎಲ್ಲಿಯವರೆಗೆ ಎಂದು ಬರೆಸಿಕೊಂಡೇ ಎದ್ದರು. ಬುಧವಾರದ ಟೆಸ್ಟನ್ನೂ ಕ್ಯಾನ್ಸಲ್ ಮಾಡಿರಲಿಲ್ಲ. ಅಂದು ಬೆಳಿಗ್ಗೆಯೇ ಹೋಗಿ ಪಾಸಾಗಿ, ಡಾಕ್ಟರು ಸರಿಯಾಗಿ ನೋಡಿದರೋ ಇಲ್ಲವೋ ಎಂದು ಗೊಣಗುತ್ತಲೇ ಸಂಜೆ ಸಭೆಗೆ ಬಂದಿದ್ದರು.

ಮರುದಿನ ಬೆಳಿಗ್ಗೆ ನನ್ನನ್ನು ಕರೆಸಿದರು. ಆ ಪಟ್ಟಿ ಇನ್ನೂ ಮೇಜಿನ ಮೇಲೇ ಇತ್ತು. ಕೇಸು ಮುಗಿಯದೆ ಪಟ್ಟಿ ಮುಚ್ಚುವ ಅಭ್ಯಾಸ ಅವರಿಗಿಲ್ಲ. ಕೊನೆಯಲ್ಲಿ ೭ ಎಂದು ಬರೆದು ನನ್ನ ಹೆಸರು ಸೇರಿಸಿದರು. "ಇದನ್ನ ಸರಿಯಾಗಿ ಓದ್ತೀಯಲ್ಲ?" ಎಂದು ಕೇಳಿ, ತಪ್ಪು ಸಿಕ್ಕಿತು ಎಂಬಂತೆ ನನ್ನ ಹೆಸರಿನ ಮುಂದೆ ಟಿಕ್ ಹಾಕಿದರು. ನನಗೆ ಅಳು ಬಂತು, ಅವರು ಅದನ್ನು ನೋಡಿಯೂ ನೋಡದವರಂತೆ ಉಳಿದ ಹೆಸರುಗಳನ್ನು ಹೊಡೆದುಹಾಕತೊಡಗಿದರು. ಡೆನ್ನಿಸ್ ಹೋದ, ಪ್ಯಾಟ್ರಿಷಿಯಾ ಹೋದರು, ವೆಬ್‌ಸೈಟಿನವರ ಮೇಲೆ ಸ್ವಲ್ಪ ಯೋಚಿಸಿ ಅವರನ್ನೂ ಬಿಟ್ಟರು. ಮಗಳನ್ನು ಹೊಡೆದರು, ಹೆಂಡತಿಯನ್ನು ಹೊಡೆದರು. ವೃತ್ತದೊಳಗಿನ ತಮ್ಮ ಹೆಸರಿನ ಮೇಲೆ ಒಂದು ಗೆರೆ ಎಳೆದರು. ಪೆನ್ನು ಎತ್ತಿದವರು ಅದೇನನ್ನಿಸಿತೋ, ಅದರ ಮೇಲೆಯೇ ಇನ್ನೊಂದು ಗೆರೆಯನ್ನು ಹಾಳೆ ಹರಿಯುವಷ್ಟು ಒತ್ತಿ ಎಳೆದರು.